ಇಂಜೆಕ್ಷನ್ ಕೊಟ್ಟ ಮೇಲೆ ಒಳಗೆ ಏನಾಗುತ್ತದೆ: ವಾರ್ಡಿನ ಸಿಸ್ಟರ್‌ಗಳಿಗೆ ಔಷಧಿಯ ಪಾಠ

(ನರ್ಸಿಂಗ್ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಆಸ್ಪತ್ರೆಗೆ ಹೊಸದಾಗಿ ಸೇರಿದವರ ಮುಂದೆ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಐದು ‘ಸರಿ’ಗಳು ನಿಮಗೆಲ್ಲ ಬಾಯಿಪಾಠ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಡೋಸ್, ಸರಿಯಾದ ಮಾರ್ಗ, ಸರಿಯಾದ ಸಮಯ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೀರಿ. ಇದರ ಮೇಲೆ ಪುಸ್ತಕಗಳು ದಾಖಲೆ, ಕಾರಣ, ಪರಿಣಾಮ, ಬೇಡ ಅನ್ನುವ ರೋಗಿಯ ಹಕ್ಕು ಅಂತ ಸೇರಿಸುತ್ತಾ ಹೋಗಿವೆ. ಪಟ್ಟಿ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಪಟ್ಟಿ ಪೂರ್ತಿ ಗೊತ್ತಿದ್ದೂ ಅನಾಹುತ ಹೇಗೆ ಆಗುತ್ತದೆ ಅನ್ನುವುದನ್ನು ಮೊದಲು ತೋರಿಸುತ್ತೇನೆ.

ಇನ್ಸುಲಿನ್ ತೆಗೆದುಕೊಳ್ಳಿ. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್ ಎರಡು ಶಕ್ತಿಯಲ್ಲಿ ಸಿಗುತ್ತದೆ. ಒಂದರಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಅದಕ್ಕೆ ತಕ್ಕಂತೆ ಸಿರಿಂಜೂ ಎರಡು ಬಗೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ರಾತ್ರಿ ಮಂದ ಬೆಳಕಿನಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಅಂತ ಥಟ್ಟನೆ ಗೊತ್ತಾಗುವುದಿಲ್ಲ. ಮುಚ್ಚಳ ತೆಗೆದು ಟ್ರೇನಲ್ಲಿ ಇಟ್ಟ ಮೇಲಂತೂ ಮುಗಿಯಿತು.

ಕೇಸ್‌ಶೀಟಿನಲ್ಲಿ 20 ಯೂನಿಟ್ ಅಂತ ಇದೆ. ಸಿಸ್ಟರ್ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರು. ಆ ಗೆರೆ ಅಂದರೆ ಅರ್ಧ ಎಂಎಲ್. ಕೈಯಲ್ಲಿದ್ದ ವಯಲ್ 100ರದ್ದಾಗಿದ್ದರೆ ಆ ಅರ್ಧ ಎಂಎಲ್‌ನಲ್ಲಿ ಇರುವುದು 50 ಯೂನಿಟ್, ಬೇಕಾದ್ದರ ಎರಡೂವರೆ ಪಟ್ಟು. ರೋಗಿ ಸರಿ, ಔಷಧಿಯ ಹೆಸರು ಸರಿ, ಚುಚ್ಚಿದ ಜಾಗ ಸರಿ, ಗಂಟೆ ಸರಿ, ಸಿರಿಂಜಿನ ಮೇಲೆ ಕಂಡ ಅಂಕಿಯೂ 20. ಐದಕ್ಕೂ ಟಿಕ್ ಹಾಕಬಹುದು. ಒಳಗೆ ಹೋಗಿದ್ದು ಮಾತ್ರ 50.

ಉಲ್ಟಾ ಆದರೂ ಕಷ್ಟವೇ. 40ರ ವಯಲ್, ಕಿತ್ತಳೆ ಸಿರಿಂಜ್: 20ರ ಗೆರೆಗೆ ಹೋಗುವುದು ಬರೀ 8 ಯೂನಿಟ್. ಶುಗರ್ ಇಳಿಯುವುದಿಲ್ಲ. ಬೆಳಿಗ್ಗೆ ಡಾಕ್ಟರ್ ರಿಪೋರ್ಟ್ ನೋಡಿ ಡೋಸ್ ಏರಿಸುತ್ತಾರೆ. ಮಾರನೇ ದಿನ ಬೇರೆ ಸಿಸ್ಟರ್ ಸರಿಯಾದ ಸಿರಿಂಜಿನಲ್ಲಿ ಆ ಏರಿಸಿದ ಡೋಸನ್ನು ಪೂರ್ತಿ ಕೊಡುತ್ತಾರೆ. ರೋಗಿ ಕುಸಿಯುವುದು ಆವತ್ತು.

ಹೆಚ್ಚಿನ ಡೋಸ್ ಹೋಗಿಯೇ ಬಿಟ್ಟಿದೆ ಅಂದುಕೊಳ್ಳಿ. ಯಾವಾಗ ಗೊತ್ತಾಗುತ್ತದೆ? ಇಲ್ಲಿ ಇನ್ಸುಲಿನ್ನಿನ ಸ್ವಭಾವ ತಿಳಿದಿರಬೇಕು. ಪ್ಲೇನ್ ಅಂತ ನಾವು ಕರೆಯುವ ರೆಗ್ಯುಲರ್ ಇನ್ಸುಲಿನ್ ಚರ್ಮದ ಕೆಳಗೆ ಕೊಟ್ಟ ಅರ್ಧ ಗಂಟೆಗೆ ಕೆಲಸ ಶುರು ಮಾಡುತ್ತದೆ, 2ರಿಂದ 4 ಗಂಟೆಯಲ್ಲಿ ಅದರ ಜೋರು. ಹಾಲಿನಂತೆ ಮಬ್ಬಾಗಿರುವ, ಎನ್‌ಪಿಎಚ್ ಅನ್ನುವ ಇನ್ನೊಂದು ಬಗೆಯ ಇನ್ಸುಲಿನ್ ನಿಧಾನ. ಅದರ ಜೋರು 4 ಗಂಟೆಯ ನಂತರ, 12 ಗಂಟೆಯೊಳಗೆ ಯಾವಾಗಲಾದರೂ. ರಾತ್ರಿ 8ಕ್ಕೆ ಎರಡೂ ಬೆರೆತ 30:70 (30 ಪಾಲು ಪ್ಲೇನ್, 70 ಪಾಲು ಎನ್‌ಪಿಎಚ್) ಕೊಟ್ಟಿದ್ದರೆ ಅಪಾಯದ ಹೊತ್ತು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ವಾರ್ಡಿನಲ್ಲಿ ಎಲ್ಲರೂ ಮಲಗಿರುತ್ತಾರೆ. ಶುಗರ್ ಇಳಿದವರೂ ಮಲಗಿದವರ ಥರವೇ ಕಾಣುತ್ತಾರೆ. ಇದು ಗೊತ್ತಿರುವ ಸಿಸ್ಟರ್ 3 ಗಂಟೆಯ ರೌಂಡಿನಲ್ಲಿ ಟಾರ್ಚ್ ಹಾಕಿ ಮುಂದೆ ಹೋಗುವುದಿಲ್ಲ. ಹಣೆ ಮುಟ್ಟುತ್ತಾರೆ. ತಣ್ಣನೆ ಬೆವರು ಇದೆಯಾ, ದಿಂಬು ಒದ್ದೆಯಾಗಿದೆಯಾ, ಹೆಸರು ಹಿಡಿದು ಕರೆದರೆ ಸರಿಯಾಗಿ ಓಗೊಡುತ್ತಾರಾ ಅಂತ ನೋಡುತ್ತಾರೆ. ಗ್ಲೂಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಎಚ್ಚರ ಇದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು. ಡಾಕ್ಟರನ್ನು ಕರೆಸಿ, 25% ಡೆಕ್ಸ್ಟ್ರೋಸ್ ತಯಾರಿಟ್ಟುಕೊಳ್ಳಿ. 100 ಎಂಎಲ್‌ನಲ್ಲಿ 25 ಗ್ರಾಂ ಗ್ಲೂಕೋಸ್ ಇರುತ್ತದೆ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟು. ಔಷಧಿ ಒಳಗೆ ಹೋಗಿ ಏನು ಮಾಡುತ್ತದೆ, ಎಷ್ಟು ಹೊತ್ತಿಗೆ ಮಾಡುತ್ತದೆ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಅಂತ ಗೊತ್ತಿದ್ದರೆ ಮಾತ್ರ ಆ ಐದು ಸರಿಗಳಿಗೆ ಅರ್ಥ ಬರುತ್ತದೆ. ಫಾರ್ಮಕಾಲಜಿ, ಅಂದರೆ ಔಷಧಿಗಳ ಶಾಸ್ತ್ರ, ಡಾಕ್ಟರ ಸಬ್ಜೆಕ್ಟ್, ನಮಗೆ ಪಾಸಾಗುವಷ್ಟು ಓದಿದರೆ ಸಾಕು ಅಂತ ಹಾಸ್ಟೆಲ್‌ಗಳಲ್ಲಿ ಒಂದು ಮಾತು ಓಡಾಡುತ್ತದೆ. ದಯವಿಟ್ಟು ಅದನ್ನು ತಲೆಯಿಂದ ತೆಗೆದುಬಿಡಿ. ಡಾಕ್ಟರ್ ಬರೆದು, ರೌಂಡ್ಸ್ ಮುಗಿಸಿ ಹೋಗಿರುತ್ತಾರೆ. ಔಷಧಿ ಕೆಲಸ ಶುರು ಮಾಡುವ ಹೊತ್ತಿಗೆ ಹಾಸಿಗೆಯ ಪಕ್ಕ ಇರುವವರು ನೀವೇ.

ನುಂಗಿದ ಮಾತ್ರೆಯ ದಾರಿ

ನುಂಗಿದ ಮಾತ್ರೆ ಕರುಳಿನಿಂದ ಸೀದಾ ಮೈಗೆಲ್ಲ ಹರಡುವುದಿಲ್ಲ. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ಔಷಧಿಯ ಒಂದಿಷ್ಟು ಭಾಗ ಒಡೆದುಹೋಗಿ, ಉಳಿದದ್ದು ಮುಂದೆ ಸಾಗುತ್ತದೆ. ಪುಸ್ತಕದಲ್ಲಿ ಫಸ್ಟ್ ಪಾಸ್ ಅಂತ ಓದಿದ್ದೀರಲ್ಲ, ಅದೇ. ಎದೆನೋವಿಗೆ ಕೊಡುವ ಸಾರ್ಬಿಟ್ರೇಟನ್ನು ನಾಲಿಗೆ ಕೆಳಗೆ ಇಡಿಸುವುದು ಇದಕ್ಕೇ. ನಾಲಿಗೆ ಕೆಳಗಿನ ರಕ್ತನಾಳಗಳು ಲಿವರ್ ದಾರಿ ಹಿಡಿಯದೆ ಸೀದಾ ಹೃದಯದ ಕಡೆ ಹೋಗುತ್ತವೆ, ಕೆಲವೇ ನಿಮಿಷದಲ್ಲಿ ಔಷಧಿ ಮುಟ್ಟುತ್ತದೆ. ಆದರೆ ವಾರ್ಡಿನಲ್ಲಿ ನಡೆಯುವುದೇನು? ಮಾತ್ರೆ ಕೈಗೆ ಕೊಟ್ಟು ನಾವು ಮುಂದಿನ ಹಾಸಿಗೆಗೆ ಹೋಗುತ್ತೇವೆ. ಮಗ ನೀರಿನ ಬಾಟಲಿ ತೆಗೆದುಕೊಡುತ್ತಾನೆ. ತಾತ ಗಟಗಟ ಕುಡಿದು ನುಂಗಿಬಿಡುತ್ತಾರೆ. ಅದಕ್ಕೆ ಅಲ್ಲೇ ನಿಂತು ಹೇಳಬೇಕು: “ತಾತ, ನೀರು ಬೇಡ. ನಾಲಿಗೆ ಕೆಳಗೆ ಇಟ್ಕೊಳ್ಳಿ, ತಾನಾಗೇ ಕರಗುತ್ತೆ.” ಮೊದಲು ಕೂರಿಸಿ, ಬಿಪಿ ನೋಡಿ. ರಕ್ತನಾಳ ಹಿಗ್ಗಿಸುವ ಔಷಧಿ ಅದು. ನಿಂತವರು ತಲೆಸುತ್ತಿ ಬೀಳಬಹುದು.

ದಾರಿ ಬದಲಾದರೆ ಡೋಸೂ ಬದಲಾಗುತ್ತದೆ ಅನ್ನುವುದಕ್ಕೆ ಮಾರ್ಫಿನ್ ನೋಡಿ. ಬಾಯಲ್ಲಿ 30 ಎಂಜಿ ಕೊಟ್ಟಾಗ ಸಿಗುವ ನೋವು ನಿವಾರಣೆ ಐವಿಯಲ್ಲಿ, ಅಂದರೆ ನೇರ ರಕ್ತನಾಳಕ್ಕೆ ಕೊಟ್ಟಾಗ, ಸುಮಾರು 10 ಎಂಜಿಗೇ ಸಿಗುತ್ತದೆ. ಮಾತ್ರೆ ನುಂಗಲು ಆಗ್ತಿಲ್ಲ ಅಂತ ಅದೇ ಅಂಕಿಯನ್ನು ಇಂಜೆಕ್ಷನ್‌ಗೆ ದಾಟಿಸಿದರೆ ಮೂರು ಪಟ್ಟು ಹೋಗುತ್ತದೆ, ಉಸಿರು ನಿಧಾನವಾಗುತ್ತದೆ.

ಇನ್ನೊಂದು ಎಲ್ಲ ವಾರ್ಡಿನಲ್ಲೂ ನಡೆಯುವಂಥದ್ದು. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್ ಇರುವ ರೋಗಿಗೆ ಮಾತ್ರೆಗಳನ್ನೆಲ್ಲ ಒಟ್ಟಿಗೆ ಕುಟ್ಟಿ, ನೀರಲ್ಲಿ ಕಲಸಿ ಬಿಡುವುದು. ಸ್ಟ್ರಿಪ್ಪಿನ ಮೇಲೆ ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಎಲ್, ಸಿಆರ್, ರಿಟಾರ್ಡ್ ಅಂತ ಏನಾದರೂ ಇದ್ದರೆ ಅಲ್ಲೇ ನಿಲ್ಲಿ. 12 ಅಥವಾ 24 ಗಂಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಕುಟ್ಟಿದ ತಕ್ಷಣ ಒಂದೇ ಸಲಕ್ಕೆ ಬಿಡುಗಡೆಯಾಗುತ್ತದೆ. ನಿಫೆಡಿಪಿನ್ ರಿಟಾರ್ಡ್ ಕುಟ್ಟಿ ಕೊಟ್ಟರೆ ಬಿಪಿ ಧಡಕ್ಕನೆ ಇಳಿಯುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಯ ಹೊರಪದರ ಇರುವುದು ಹೊಟ್ಟೆಯ ಆಸಿಡ್‌ನಿಂದ ಅದನ್ನು ಕಾಪಾಡಲು. ಕುಟ್ಟಿದರೆ ಔಷಧಿ ಹೊಟ್ಟೆಯಲ್ಲೇ ಹಾಳು, ಕೊಟ್ಟೂ ಕೊಡದ ಹಾಗೆ. ಟ್ಯೂಬ್ ಇದೆ, ಮಾತ್ರೆ ಎಸ್‌ಆರ್ ಇದೆ ಅಂದರೆ ಡಾಕ್ಟರಿಗೂ ಫಾರ್ಮಸಿಸ್ಟಿಗೂ ಹೇಳಿ ಸಾದಾ ಮಾತ್ರೆಗೋ ಸಿರಪ್ಪಿಗೋ ಬದಲಾಯಿಸಿಕೊಳ್ಳಿ. ಬರೆಯುವಾಗ ಅವರ ತಲೆಯಲ್ಲಿ ಟ್ಯೂಬ್ ಇರುವುದಿಲ್ಲ. ನಿಮ್ಮ ಕಣ್ಣೆದುರು ಇರುತ್ತದೆ.

ಇನ್ನು ಹೊರಗೆ ಹೋಗುವ ದಾರಿ. ಎಷ್ಟೋ ಔಷಧಿಗಳು ಕಿಡ್ನಿಯ ಮೂಲಕ ಮೂತ್ರದಲ್ಲಿ ಹೋಗುತ್ತವೆ. ಕಿಡ್ನಿ ಸೋತಾಗ ಏನಾಗುತ್ತದೆ? ನಲ್ಲಿ ಅಷ್ಟೇ ಬಿಟ್ಟಿದ್ದರೂ ತೊಟ್ಟಿಯ ತೂಬು ಕಟ್ಟಿಕೊಂಡರೆ ನೀರು ಏರುತ್ತಾ ಹೋಗುವ ಹಾಗೆ, ನಿನ್ನೆಯ ಡೋಸ್ ಹೋಗುವ ಮೊದಲೇ ಇವತ್ತಿನದು ಸೇರುತ್ತದೆ. ಜೆಂಟಾಮೈಸಿನ್ ಅನ್ನುವ ಆಂಟಿಬಯಾಟಿಕ್ ಹೀಗೆ ಉಳಿದುಕೊಂಡರೆ ಕಿಡ್ನಿಗೂ ಪೆಟ್ಟು, ಕಿವಿಗೂ ಪೆಟ್ಟು. ಕಿವಿಯ ಪೆಟ್ಟು ವಾಪಸ್ ಸರಿಹೋಗದೆ ಇರಬಹುದು. ಆದ್ದರಿಂದ ಮೂತ್ರದ ಅಳತೆಯನ್ನು ಶಿಫ್ಟ್ ಮುಗಿಯುವ ಹೊತ್ತಿಗೆ ಅಂದಾಜಿನಲ್ಲಿ ತುಂಬಬೇಡಿ. ಔಷಧಿಯ ಡೋಸ್ ಸರಿ ಇದೆಯಾ ಅಂತ ಹೇಳುವ ಚಾರ್ಟ್ ಅದು. ಮೂತ್ರ ಕಡಿಮೆಯಾಗಿದೆ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ಏರುವ ಅಂಶ) ಏರಿದೆ, ಜೆಂಟಾಮೈಸಿನ್ ಮಾತ್ರ ಹಾಗೇ ನಡೀತಾ ಇದೆ ಅಂದರೆ ಮುಂದಿನ ಡೋಸಿಗೆ ಮೊದಲು ಡಾಕ್ಟರಿಗೆ ಹೇಳಿ.

ಹೃದಯಕ್ಕೆ ಕೊಡುವ ಡಿಗಾಕ್ಸಿನ್ನಿನಲ್ಲಿ ಇದೆಲ್ಲ ಒಟ್ಟಿಗೆ ಸೇರುತ್ತದೆ. ಈ ಔಷಧಿಯ ಕುಲದ ಇತಿಹಾಸ ಹಳೆಯದು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಈ ಔಷಧಿಗಳ ಮೂಲವಾದ ಫಾಕ್ಸ್‌ಗ್ಲೋವ್ ಗಿಡದ ಎಲೆಯ ಬಗ್ಗೆ ಪುಸ್ತಕ ಬರೆದ. ಉಪಯೋಗದ ಜೊತೆಗೆ ಡೋಸ್ ಜಾಸ್ತಿಯಾದರೆ ವಾಂತಿಯಾಗುತ್ತದೆ, ನಾಡಿ ನಿಧಾನವಾಗುತ್ತದೆ, ಕಣ್ಣಿಗೆ ವಸ್ತುಗಳು ಹಳದಿ-ಹಸಿರಾಗಿ ಕಾಣುತ್ತವೆ ಅಂತಲೂ ದಾಖಲಿಸಿದ. ಇವತ್ತಿಗೂ ನಾವು ನೋಡಬೇಕಾದ ಲಕ್ಷಣಗಳು ಅವೇ. ಕಿಡ್ನಿ ಚೆನ್ನಾಗಿರುವವರಲ್ಲಿ ಡಿಗಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 36 ಗಂಟೆ ಬೇಕು. ರಕ್ತದಲ್ಲಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಅಂಥ ನಾಲ್ಕೈದು ಅರ್ಧಾಯುಷ್ಯ, ಅಂದರೆ ಸುಮಾರು ಒಂದು ವಾರ. ಇವತ್ತು ಶುರು ಮಾಡಿದ ಮಾತ್ರೆಯ ವಿಷ ಮುಂದಿನ ವಾರ ತಲೆ ಎತ್ತಬಹುದು. ಕೊಡುವ ಮೊದಲು ಸ್ಟೆತ್ ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಿದ ಬಡಿತ ಸಿಗುವುದಿಲ್ಲ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಡೋಸ್ ತಡೆದು ತಿಳಿಸಬೇಕು.

ಅದೇ ರೋಗಿಗೆ ಮೂತ್ರ ಹೆಚ್ಚಿಸುವ ಫ್ರೂಸೆಮೈಡ್ (ಲ್ಯಾಸಿಕ್ಸ್) ಕೂಡ ನಡೀತಾ ಇರುತ್ತದೆ. ಅದು ಮೂತ್ರದ ಜೊತೆ ಪೊಟ್ಯಾಸಿಯಂ ಕಳೆಯುತ್ತದೆ. ಪೊಟ್ಯಾಸಿಯಂ ಇಳಿದಷ್ಟೂ ಹೃದಯದ ಮೇಲೆ ಡಿಗಾಕ್ಸಿನ್ ಹಿಡಿತ ಬಿಗಿಯಾಗುತ್ತದೆ. ಡೋಸ್ ಏನೂ ಬದಲಾಗಿಲ್ಲ, ರೋಗಿ ಮಾತ್ರ “ಹೊಟ್ಟೆ ತೊಳಸುತ್ತೆ, ಊಟ ಸೇರಲ್ಲ” ಅನ್ನುತ್ತಾರೆ. ನಾವು ವಾಂತಿಗೆ ಒಂದು ಇಂಜೆಕ್ಷನ್ ಬರೆಸಿಕೊಂಡು ಬಂದು ಕೊಡುತ್ತೇವೆ, ರಾತ್ರಿ ಡಿಗಾಕ್ಸಿನ್ನೂ ಕೊಡುತ್ತೇವೆ. ಹೊಟ್ಟೆ ತೊಳಸುವುದನ್ನು ಬಿಡಿ ದೂರು ಅಂತ ನೋಡದೆ ಔಷಧಿಯ ಜೊತೆ ಸೇರಿಸಿ ನೋಡುವುದು ಫಾರ್ಮಕಾಲಜಿ ಓದಿದ ನರ್ಸ್ ಮಾಡಬಹುದಾದ ಕೆಲಸ.

ಹೆರಿಗೆ ವಾರ್ಡಿನ ಮ್ಯಾಗ್‌ಸಲ್ಫ್

ನೋಡುವುದೇ ಚಿಕಿತ್ಸೆಯ ಅರ್ಧ ಭಾಗ ಆಗಿರುವ ಔಷಧಿ ಒಂದಿದೆ. ಮೆಗ್ನೀಸಿಯಂ ಸಲ್ಫೇಟ್, ವಾರ್ಡಿನ ಮಾತಿನಲ್ಲಿ ಮ್ಯಾಗ್‌ಸಲ್ಫ್. ಬಿಪಿ ಏರಿ ಫಿಟ್ಸ್ ಬಂದ ಬಸುರಿಯ ಜೀವ ಉಳಿಸುವ ಔಷಧಿ ಇದು. 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನದಲ್ಲಿ 33 ದೇಶಗಳ 10 ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದರು. ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗೆ ಇಳಿಯಿತು.

ನಮ್ಮಲ್ಲಿ ಸಿಗುವ ಆಂಪೂಲ್ 2 ಎಂಎಲ್, 50%. ಅಂದರೆ ಒಂದು ಆಂಪೂಲ್, ಒಂದು ಗ್ರಾಂ. ಪ್ರಿಚರ್ಡ್ ಅನ್ನುವ ವೈದ್ಯರ ಹೆಸರಿನ ಕ್ರಮದಲ್ಲಿ ಮೊದಲು 4 ಗ್ರಾಂ ಐವಿ: ನಾಲ್ಕು ಆಂಪೂಲಿನ 8 ಎಂಎಲ್‌ಗೆ 12 ಎಂಎಲ್ ಸಲೈನ್ ಸೇರಿಸಿ, 20 ಎಂಎಲ್ ಮಾಡಿ, 5 ನಿಮಿಷಕ್ಕೆ ಕಡಿಮೆಯಾಗದಂತೆ ನಿಧಾನವಾಗಿ. ಜೊತೆಗೆ ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ ಆಳವಾಗಿ ಐಎಂ, ಅಂದರೆ ಸ್ನಾಯುವಿಗೆ. ಆಮೇಲೆ 4 ಗಂಟೆಗೊಮ್ಮೆ 5 ಗ್ರಾಂ, ಒಂದೊಂದು ಸಲ ಒಂದೊಂದು ಕಡೆ.

ಈ 4 ಗಂಟೆಯ ಡೋಸಿಗೆ ಮೊದಲು ಮೂರು ನೋಡಬೇಕು ಅಂತ ನಿಮಗೆ ಕಲಿಸಿದ್ದಾರೆ. ಮಂಡಿಯ ಜರ್ಕ್ ಇರಬೇಕು, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆ ಇರಬಾರದು, ಹಿಂದಿನ 4 ಗಂಟೆಯಲ್ಲಿ ಮೂತ್ರ ಕನಿಷ್ಠ 100 ಎಂಎಲ್ ಬಂದಿರಬೇಕು. ಯಾಕೆ ಈ ಮೂರೇ? ಮೆಗ್ನೀಸಿಯಂ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ರಕ್ತದಲ್ಲಿ ಮಟ್ಟ ಏರಿದಾಗ ಮೊದಲು ಹೋಗುವುದು ಮಂಡಿಯ ಜರ್ಕ್, ಇನ್ನೂ ಏರಿದರೆ ಉಸಿರು, ಅದಕ್ಕೂ ಮೇಲೆ ಹೃದಯ. ಅಂದರೆ ಉಸಿರು ನಿಲ್ಲುವ ಮೊದಲೇ ಮಂಡಿ ನಮಗೆ ಸುಳಿವು ಕೊಡುತ್ತದೆ. ಮೂತ್ರ ಯಾಕೆ? ಮೆಗ್ನೀಸಿಯಂ ಹೊರಗೆ ಹೋಗುವುದು ಬಹುತೇಕ ಕಿಡ್ನಿಯಿಂದಲೇ. ಈ ಕಾರಣ ಗೊತ್ತಿದ್ದವರು ಜರ್ಕ್ ನೋಡದೆ ‘ಇದೆ’ ಅಂತ ಬರೆಯುವುದಿಲ್ಲ. ಹ್ಯಾಮರ್ ಸಿಗಲಿಲ್ಲ ಅಂದರೆ ಕೈ ಅಂಚಿನಿಂದ ತಟ್ಟಿ ನೋಡುತ್ತಾರೆ. ಜರ್ಕ್ ಇಲ್ಲ ಅಂದರೆ ಡೋಸ್ ಕೊಡುವಂತಿಲ್ಲ. ಉಸಿರು ಇಳಿದರೆ ಡಾಕ್ಟರನ್ನು ಕರೆಸಿ. 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಎಂಎಲ್ ನಿಧಾನವಾಗಿ ಐವಿ ಹೋಗಬೇಕು. ಆ ಆಂಪೂಲ್ ಮ್ಯಾಗ್‌ಸಲ್ಫ್ ಶುರು ಮಾಡುವಾಗಲೇ ಹಾಸಿಗೆಯ ಪಕ್ಕದ ಟ್ರೇನಲ್ಲಿ ಇರಲಿ. ಸ್ಟೋರ್ ಬೀಗದ ಕೈ ಹುಡುಕುವ ಹೊತ್ತು ಅದಲ್ಲ.

ವೇಗವೂ ಡೋಸೇ

ಪೊಟ್ಯಾಸಿಯಂ ಕ್ಲೋರೈಡ್ (ಕೆಸಿಎಲ್) ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. 10 ಎಂಎಲ್‌ನ 15% ಆಂಪೂಲ್, ಒಳಗೆ 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ. ನೋಡಲು ಸಾದಾ ನೀರಿನ ಥರ. ಡಿಸ್ಟಿಲ್ಡ್ ವಾಟರ್ ಆಂಪೂಲಿನ ಪಕ್ಕ ಒಂದೇ ಟ್ರೇನಲ್ಲಿ ಇಟ್ಟರೆ ಯಾರಾದರೂ ಒಂದು ದಿನ ಅದನ್ನೇ ಎಳೆದು ಆಂಟಿಬಯಾಟಿಕ್ ಕಲಸುತ್ತಾರೆ. ಐವಿ ಪುಶ್ ಆದರೆ, ಅಂದರೆ ಸಿರಿಂಜಿನಿಂದ ಒಮ್ಮೆಲೇ ರಕ್ತನಾಳಕ್ಕೆ ಹೋದರೆ, ಹೃದಯ ನಿಲ್ಲುತ್ತದೆ. ಹೃದಯದ ಜೀವಕೋಶದ ಒಳಗೆ ಪೊಟ್ಯಾಸಿಯಂ ಜಾಸ್ತಿ, ಹೊರಗೆ ಕಡಿಮೆ; ಬಡಿತ ನಡೆಯುವುದೇ ಆ ವ್ಯತ್ಯಾಸದ ಮೇಲೆ. ಹೊರಗಿನ ಮಟ್ಟ ಒಮ್ಮೆಲೇ ಏರಿದರೆ ಆ ವ್ಯತ್ಯಾಸ ಕುಸಿಯುತ್ತದೆ. ಮಾನಿಟರ್ ಇಲ್ಲದ ವಾರ್ಡಿನಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರಬಾರದು. ಒಂದು ಆಂಪೂಲ್ 500 ಎಂಎಲ್ ಸಲೈನಿಗೆ ಸೇರಿಸಿದರೆ ಅದು ಹೋಗಲು ಕನಿಷ್ಠ 2 ಗಂಟೆ ಬೇಕು.

ಸೇರಿಸುವ ರೀತಿಯಲ್ಲೂ ಒಂದು ಅಪಾಯ ಇದೆ. ಸ್ಟ್ಯಾಂಡಿನಲ್ಲಿ ತೂಗಾಡುತ್ತಿರುವ ಬಾಟಲಿಗೆ ಕೆಳಗಿನಿಂದ ಕೆಸಿಎಲ್ ಚುಚ್ಚಿ ಹಾಗೇ ಬಿಟ್ಟರೆ ಅದು ಚೆನ್ನಾಗಿ ಬೆರೆಯುವುದಿಲ್ಲ, ಬಾಯಿಯ ಹತ್ತಿರವೇ ಕೂರುತ್ತದೆ. ಮೊದಲ ಕೆಲವು ಎಂಎಲ್‌ನಲ್ಲೇ ಹೆಚ್ಚಿನ ಪಾಲು ರೋಗಿಗೆ ಹೋಗುತ್ತದೆ. ನೀವು ಪುಶ್ ಮಾಡಿಲ್ಲ, ಆದರೆ ಪುಶ್ ಆದ ಹಾಗೆಯೇ. ಬಾಟಲಿ ಕೆಳಗಿಳಿಸಿ, ಡ್ರಿಪ್ ಮುಚ್ಚಿ, ಔಷಧಿ ಸೇರಿಸಿ, ಹತ್ತಾರು ಸಲ ತಲೆಕೆಳಗೆ ಮಾಡಿ, ಲೇಬಲ್ ಅಂಟಿಸಿ, ಆಮೇಲೆ ತೂಗುಹಾಕಿ.

ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ನಿಮಿಷಕ್ಕೆ 50 ಎಂಜಿಗಿಂತ ಜೋರಾಗಿ ಹೋದರೆ ಬಿಪಿ ಬೀಳುತ್ತದೆ, ಹೃದಯದ ಲಯ ತಪ್ಪುತ್ತದೆ. ಅದು ಸಲೈನಿನಲ್ಲಿ ಮಾತ್ರ. ಡೆಕ್ಸ್ಟ್ರೋಸಿಗೆ ಹಾಕಿದರೆ ಹರಳುಗಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯಾಟಿಕ್ ಮತ್ತು ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಒಂದೇ ಲೈನಿನಲ್ಲಿ ಒಟ್ಟಿಗೆ ಬಿಡಬಾರದು, ಡ್ರಿಪ್ಪಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಕೂತುಕೊಳ್ಳುತ್ತದೆ. ವ್ಯಾಂಕೊಮೈಸಿನ್ ಅನ್ನುವ ಆಂಟಿಬಯಾಟಿಕ್ ಒಂದು ಗ್ರಾಂ ಹೋಗಲು ಕನಿಷ್ಠ ಒಂದು ಗಂಟೆ. ಈ ಥರದ್ದನ್ನು ಬರೆದು ಔಷಧಿ ಟ್ರಾಲಿಯ ಮೇಲೇ ಅಂಟಿಸಿ.

ಅಲರ್ಜಿ ರಿಯಾಕ್ಷನ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಟೆಸ್ಟ್ ಡೋಸ್ ನೆಗೆಟಿವ್ ಬಂದ ಮಾತ್ರಕ್ಕೆ ರಿಯಾಕ್ಷನ್ ಆಗಲ್ಲ ಅಂತ ಅಲ್ಲ. ಮೊದಲ ಡೋಸಿನ ಮೊದಲ ಕೆಲವು ನಿಮಿಷ ಪಕ್ಕದಲ್ಲೇ ಇರಿ. ರೋಗಿ ಮುಖ ಕೆಂಪಾಗಿ, ಮೈ ತುರಿಸಿ, ಉಸಿರು ಕಟ್ಟಿ, ಬಿಪಿ ಇಳಿದರೆ ನಮ್ಮಲ್ಲಿ ಎಷ್ಟೋ ಕಡೆ ಮೊದಲು ಕೈ ಹೋಗುವುದು ಎವಿಲ್ ಮತ್ತು ಹೈಡ್ರೊಕಾರ್ಟಿಸೋನ್ ಕಡೆಗೆ. ಎವಿಲ್ ತುರಿಕೆ ಕಡಿಮೆ ಮಾಡುತ್ತದೆ, ಬಿಪಿ ಎತ್ತುವುದಿಲ್ಲ. ಹೈಡ್ರೊಕಾರ್ಟಿಸೋನ್ ಕೆಲಸ ಮಾಡಲು ಗಂಟೆಗಳು ಬೇಕು. ಕುಸಿದ ರಕ್ತನಾಳವನ್ನು ಬಿಗಿ ಮಾಡಿ, ಮುಚ್ಚಿದ ಶ್ವಾಸನಾಳವನ್ನು ಬಿಚ್ಚುವುದು ಅಡ್ರಿನಲಿನ್. ದೊಡ್ಡವರಿಗೆ 1 ಎಂಎಲ್ ಆಂಪೂಲಿನ ಅರ್ಧ, ಅಂದರೆ 0.5 ಎಂಜಿ, ತೊಡೆಯ ಹೊರಭಾಗದ ಮಧ್ಯಕ್ಕೆ ಐಎಂ. ಮೊದಲು ಅದು, ಉಳಿದದ್ದು ಆಮೇಲೆ. ನಿಮ್ಮ ವಾರ್ಡಿನಲ್ಲಿ ಇದಕ್ಕೆ ಲಿಖಿತ ಸ್ಟ್ಯಾಂಡಿಂಗ್ ಆರ್ಡರ್ (ಡಾಕ್ಟರ್ ಬರುವ ಮೊದಲೇ ಕೊಡಲು ಅನುಮತಿ) ಇದೆಯಾ ಅಂತ ಡ್ಯೂಟಿಗೆ ಸೇರಿದ ದಿನವೇ ಇನ್‌ಚಾರ್ಜ್ ಸಿಸ್ಟರನ್ನು ಕೇಳಿ.

ಸೊನ್ನೆ, ಚುಕ್ಕೆ, ತೂಕ

10 ಕೆಜಿ ಮಗುವಿಗೆ ಜ್ವರ. ಪ್ಯಾರಾಸಿಟಮಾಲ್ ಕೆಜಿಗೆ 15 ಎಂಜಿ, ಅಂದರೆ 150 ಎಂಜಿ. ಎಷ್ಟು ಎಂಎಲ್? ಬಾಟಲಿ ನೋಡದೆ ಹೇಳಲಾಗದು. 5 ಎಂಎಲ್‌ಗೆ 120 ಎಂಜಿ ಇರುವ ಸಿರಪ್ ಆದರೆ 6.25 ಎಂಎಲ್. 5 ಎಂಎಲ್‌ಗೆ 250 ಎಂಜಿ ಇರುವುದಾದರೆ 3 ಎಂಎಲ್. ಡ್ರಾಪ್ಸ್ ಆದರೆ ಎಂಎಲ್‌ಗೇ 100 ಎಂಜಿ, 1.5 ಎಂಎಲ್ ಸಾಕು. ತಾಯಿಗೆ “ಒಂದು ಚಮಚ ಕೊಡಮ್ಮ” ಅಂತ ಹೇಳಿ ಕಳಿಸಿದರೆ, ಮನೆಯಲ್ಲಿರುವುದು ಡ್ರಾಪ್ಸ್ ಆಗಿದ್ದರೆ, ಮಗುವಿಗೆ ಹೋಗುವುದು 500 ಎಂಜಿ. ಡಿಸ್ಚಾರ್ಜ್ ಮಾಡುವಾಗ ಬಾಟಲಿ ತಾಯಿಯ ಕೈಯಲ್ಲಿಟ್ಟು, ಡ್ರಾಪರಿನಲ್ಲಿ ಗೆರೆ ತೋರಿಸಿ, ಅವರಿಂದಲೇ ಒಮ್ಮೆ ಎಳೆಸಿ ನೋಡಿ.

ಮಕ್ಕಳಿಗೆ ಎಲ್ಲವೂ ತೂಕದ ಲೆಕ್ಕ ಅಂತ ಕಲಿತಿದ್ದೀರಿ. ಆದರೆ ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಮಗುವಿಗೂ ದೊಡ್ಡವರಿಗೂ ಒಂದೇ ಡೋಸ್. ಕೊಳಕುಮಂಡಲ ಕಚ್ಚುವಾಗ ಮಗು ಅಂತ ಕಡಿಮೆ ವಿಷ ಬಿಡುವುದಿಲ್ಲ. ಎಎಸ್‌ವಿ ಹೋರಾಡುವುದು ವಿಷದ ಪ್ರಮಾಣದ ಜೊತೆಗೆ, ಮಗುವಿನ ತೂಕದ ಜೊತೆಗಲ್ಲ. ಹಳ್ಳಿ ಆಸ್ಪತ್ರೆಗೆ ಹೋಗುವವರು ಇದನ್ನು ಮನಸ್ಸಿನಲ್ಲಿಡಿ. ಪುಡಿ ಕರಗಿಸುವಾಗ ಕುಲುಕಬೇಡಿ, ನೊರೆ ಬರುತ್ತದೆ. ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ. ಅಡ್ರಿನಲಿನ್ ಮೊದಲೇ ಪಕ್ಕದಲ್ಲಿರಲಿ.

ಡ್ರಿಪ್ ಲೆಕ್ಕ ಒಂದು ನೋಡೋಣ. 60 ಕೆಜಿ ರೋಗಿ, ಬಿಪಿ ಏರಿಸುವ ಡೋಪಮಿನ್ ಕೆಜಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ. ನಿಮಿಷಕ್ಕೆ 300, ಗಂಟೆಗೆ 18,000 ಮೈಕ್ರೋಗ್ರಾಂ, ಅಂದರೆ 18 ಎಂಜಿ. 200 ಎಂಜಿ ಆಂಪೂಲನ್ನು ಒಟ್ಟು 50 ಎಂಎಲ್ ಮಾಡಿದ್ದೀರಿ, ಎಂಎಲ್‌ಗೆ 4 ಎಂಜಿ. 18ನ್ನು 4ರಿಂದ ಭಾಗಿಸಿದರೆ ಗಂಟೆಗೆ 4.5 ಎಂಎಲ್. ಪಂಪಿನಲ್ಲಿ ಚುಕ್ಕೆ ಒತ್ತಲು ಮರೆತರೆ 45. ಇಂಥದ್ದಕ್ಕೇ ಇಬ್ಬರು ಲೆಕ್ಕ ಮಾಡಬೇಕು ಅನ್ನುವುದು. “ನಾಲ್ಕೂವರೆ ಬಂತು, ಸರಿ ಇದೆಯಾ ನೋಡೇ” ಅಂತ ಕೇಳಿದರೆ ಗೆಳತಿ ಹೂಂ ಅನ್ನುತ್ತಾಳೆ. ಉತ್ತರ ಹೇಳದೆ ಕೇಸ್‌ಶೀಟ್ ಕೊಡಿ. ಅವಳು ಬೇರೆ ಹಾಳೆಯಲ್ಲಿ ಮಾಡಲಿ. ಆಮೇಲೆ ಎರಡನ್ನೂ ಹೋಲಿಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ನಿಗೂ ಹೀಗೇ ಮಾಡಿ. ಅದರ 5 ಎಂಎಲ್ ವಯಲ್‌ನಲ್ಲಿ ಎಂಎಲ್‌ಗೆ 1,000 ಯೂನಿಟ್ ಇರುವುದೂ ಇದೆ, 5,000 ಇರುವುದೂ ಇದೆ.

ಬರೆಯುವಾಗ ಚುಕ್ಕೆಯ ಮುಂದೆ ಸೊನ್ನೆ ಇರಲಿ: 0.5. ಪೂರ್ಣ ಅಂಕಿಯ ಹಿಂದೆ ಚುಕ್ಕೆ ಸೊನ್ನೆ ಬೇಡ, 5.0 ಅವಸರದಲ್ಲಿ 50 ಆಗುತ್ತದೆ. ಯೂನಿಟ್ ಅಂತ ಪೂರ್ತಿ ಬರೆಯಿರಿ. ಬರೀ ‘ಯು’ ಅಂತ ಇಂಗ್ಲಿಷ್ ಅಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಬಹುದು.

ಹೆಸರು ಕೇಳುವುದು, ಪ್ರಶ್ನೆ ಕೇಳುವುದು

ಮಹಿಳಾ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ಅಪರೂಪವೇನಲ್ಲ. “ಲಕ್ಷ್ಮಮ್ಮ ಅಲ್ವಾ?” ಅಂದರೆ ಕಿವಿ ಮಂದ ಇರುವ ಅಜ್ಜಿಯೂ ಹೂಂ ಅನ್ನುತ್ತಾರೆ, ಭಯದಲ್ಲಿರುವ ಸಾವಿತ್ರಮ್ಮನೂ ಹೂಂ ಅನ್ನುತ್ತಾರೆ. “ಅಮ್ಮಾ, ನಿಮ್ಮ ಹೆಸರೇನು ಹೇಳಿ? ಯಾವ ಊರು?” ಅಂತ ಕೇಳಿ, ಅವರು ಹೇಳಿದ್ದನ್ನು ಕೈಪಟ್ಟಿಯ ಐಪಿ (ಒಳರೋಗಿ) ನಂಬರಿಗೆ ತಾಳೆ ನೋಡಿ. ಬೆಡ್ ನಂಬರ್ ನಂಬಬೇಡಿ. ಫ್ಯಾನ್ ಕೆಳಗೆ ಬೇಕು ಅಂತ ರಾತ್ರಿ ಹಾಸಿಗೆ ಬದಲಾಯಿಸಿಕೊಳ್ಳುವವರು ಇರುತ್ತಾರೆ.

ಒಬ್ಬರು ಲೋಡ್ ಮಾಡಿದ ಸಿರಿಂಜನ್ನು ಇನ್ನೊಬ್ಬರು ಕೊಡುವ ಅಭ್ಯಾಸ ನಿಲ್ಲಬೇಕು. ಲೇಬಲ್ ಇಲ್ಲದ ಸಿರಿಂಜ್ ಸಿಕ್ಕರೆ ಏನಿರಬಹುದು ಅಂತ ಊಹಿಸಬೇಡಿ, ಚೆಲ್ಲಿಬಿಡಿ. ಫೋನಿನಲ್ಲಿ ಬಂದ ಆರ್ಡರ್ ಬರೆದುಕೊಂಡು, ಓದಿ ಹೇಳಿ, ಅವರು ಹೌದು ಅಂದ ಮೇಲೆ ಕೊಡಿ. ಡೋಪಮಿನ್, ಡೊಬುಟಮಿನ್ ಕಿವಿಗೆ ಒಂದೇ ಥರ ಕೇಳುತ್ತವೆ.

ಡಾಕ್ಟರನ್ನು ಪ್ರಶ್ನೆ ಕೇಳಲು ಭಯ ಅನ್ನುತ್ತೀರಿ. “ಸರ್, ಇದು ತಪ್ಪಲ್ವಾ?” ಅಂತ ಕೇಳಿದರೆ ಮಾತು ಬೇರೆ ಕಡೆ ಹೋಗುತ್ತದೆ. “ಸರ್, 12ನೇ ಬೆಡ್ ಅಜ್ಜಿಗೆ ಡಿಗಾಕ್ಸಿನ್ ಇದೆ. ಈಗ ಪಲ್ಸ್ 52. ಬೆಳಿಗ್ಗೆಯಿಂದ ವಾಂತಿ. ಲ್ಯಾಸಿಕ್ಸ್ ಕೂಡ ನಡೀತಿದೆ. ಡೋಸ್ ತಡೆದಿಟ್ಟಿದ್ದೀನಿ. ಇಸಿಜಿ ತೆಗೆದು ಪೊಟ್ಯಾಸಿಯಂ ಕಳಿಸಲಾ?” ಅನ್ನಿ. ಇದಕ್ಕೆ ಸಿಡುಕುವ ಡಾಕ್ಟರ್ ಕಡಿಮೆ. ಸಿಡುಕಿದರೂ ಸರಿ, ಸಮಯ ಹಾಕಿ ನೋಟ್ಸ್‌ನಲ್ಲಿ ಬರೆಯಿರಿ.

ಬರೆಯುವುದರ ಬಗ್ಗೆ ಒಂದು ಮಾತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ಅನುಮಾನ ಹೋಗಿದ್ದು ರಿಂಗರ್ ಲ್ಯಾಕ್ಟೇಟ್ ಬಾಟಲಿಗಳ ಮೇಲೆ. ಇಂಥ ಹೊತ್ತಿನಲ್ಲಿ ಯಾವ ಬ್ಯಾಚ್ ಯಾರಿಗೆ ಹೋಗಿತ್ತು ಅನ್ನುವುದಕ್ಕೆ ಉತ್ತರ ಇರುವುದು ನರ್ಸ್ ಬರೆದ ಹಾಳೆಯಲ್ಲಿ ಮಾತ್ರ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಬ್ಯಾಚ್ ನಂಬರ್ ಬರೆಯಿರಿ. ಔಷಧಿಯಿಂದ ತೊಂದರೆ ಆಯಿತು ಅನ್ನಿಸಿದರೆ ಭಾರತದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ನರ್ಸ್ ಕೂಡ ವರದಿ ಮಾಡಬಹುದು. 2010ರಲ್ಲಿ ಶುರುವಾದ ಕಾರ್ಯಕ್ರಮ ಅದು, ಉಚಿತ ಸಹಾಯವಾಣಿ 1800-180-3024. ಅನುಮಾನ ಸಾಕು, ಸಾಬೀತು ಮಾಡುವ ಹೊಣೆ ನಿಮ್ಮದಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: “ಮ್ಯಾಡಂ, ನಲವತ್ತು ರೋಗಿಗೆ ಇಬ್ಬರು ಇರ್ತೀವಿ. ಇದೆಲ್ಲ ಹೇಗೆ ಮಾಡೋದು?” ಪ್ರಾಮಾಣಿಕ ಪ್ರಶ್ನೆ. ಎಲ್ಲ ಔಷಧಿಗೂ ಇಷ್ಟು ಸಮಯ ಕೊಡಲು ಆಗುವುದಿಲ್ಲ. ಬಿ ಕಾಂಪ್ಲೆಕ್ಸ್ ಮಾತ್ರೆಗೆ ಎರಡನೇ ಸಿಸ್ಟರ್ ಬೇಕಿಲ್ಲ. ಇನ್ಸುಲಿನ್, ಕೆಸಿಎಲ್, ಹೆಪಾರಿನ್, ಮ್ಯಾಗ್‌ಸಲ್ಫ್, ಮಾರ್ಫಿನ್, ಡೋಪಮಿನ್ ಥರದ ಡ್ರಿಪ್‌ಗಳು, ಮಕ್ಕಳ ಡೋಸ್. ಇಷ್ಟಕ್ಕೆ ಯಾರು ಎಷ್ಟೇ ಅವಸರ ಮಾಡಿದರೂ ನಿಲ್ಲಿ. ಇಬ್ಬರೇ ಇದ್ದೀರಿ ಅನ್ನುವುದನ್ನು ಡ್ಯೂಟಿ ಪುಸ್ತಕದಲ್ಲಿ ಬರೆದಿಡಿ. ಜನ ಕೊಡುವುದು ಆಡಳಿತದ ಹೊಣೆ, ಅದನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಇನ್ನೊಬ್ಬ ಹುಡುಗ ಕೇಳಿದ: “ರೋಗಿ, ದಿನಾ ಕೊಡೋ ಮಾತ್ರೆ ಇದಲ್ಲ, ಬಣ್ಣ ಬೇರೆ ಇದೆ ಅಂದ್ರೆ?” ಒಳ್ಳೆಯ ಪ್ರಶ್ನೆ. “ಕಂಪನಿ ಬೇರೆ ಅಷ್ಟೇ, ನುಂಗಿ” ಅಂತ ಹೇಳಲು ನಾಲಿಗೆ ತುದಿಗೆ ಬಂದಿರುತ್ತದೆ. ಹೇಳಬೇಡಿ. ಮಾತ್ರೆ ವಾಪಸ್ ತೆಗೆದುಕೊಳ್ಳಿ. ಟ್ರಾಲಿಗೆ ಹೋಗಿ ಸ್ಟ್ರಿಪ್ ತೆಗೆದು, ಔಷಧಿಯ ಹೆಸರು, ಎಂಜಿ ಎರಡನ್ನೂ ಕೇಸ್‌ಶೀಟಿಗೆ ತಾಳೆ ನೋಡಿ. ಸರಿ ಇದ್ದರೆ ಸ್ಟ್ರಿಪ್ಪನ್ನೇ ಅವರಿಗೆ ತೋರಿಸಿ, ಕಂಪನಿ ಬದಲಾಗಿದೆ ಅಂತ ಹೇಳಿ ಕೊಡಿ. ಅವರು ಹೇಳಿದ್ದೇ ಸರಿ ಇದ್ದರೆ ಅಲ್ಲೇ ಥ್ಯಾಂಕ್ಸ್ ಹೇಳಿ, ಆಮೇಲೆ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ ಆ ಟ್ರೇಯ ಉಳಿದ ಮಾತ್ರೆಗಳನ್ನೂ ಒಂದೊಂದಾಗಿ ನೋಡಿ.